ಎತ್ತರದ ಆಳಿಗೆ ಮೂರುಗಾಲಿಯ ಸೈಕಲ್ಲು

ಹೊರಗಿನವರಿಗೆ ಚಿಗಟೇರಿ ಎಂದರೆ ನಾರದಮುನಿಯ ಗುಡಿ, ಇಲ್ಲವೆ ದಾವಣಗೆರೆಯಲ್ಲಿ ಆ ಹೆಸರನ್ನು ಹೊತ್ತಿರುವ ಜಿಲ್ಲಾ ಆಸ್ಪತ್ರೆ. ನಮಗಾದರೋ ಹರಪನಹಳ್ಳಿ ತಾಲ್ಲೂಕಿನ ಆ ಊರು ಬಂಧುಬಳಗದ ಊರು. ಅಲ್ಲಿರುವ ನಮ್ಮ ಸೋದರಳಿಯನೊಬ್ಬನ ನಿಮಿತ್ತವಾಗಿ ನಮಗೆ ತಿಳಿದುಬಂದ ವಿಷಯವೊಂದನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಓದಿದವರಿಗೆ ಸೈಕಲ್ಲಿನ ಮಾತೇಕೆ ಎಂದು ಕೆಲವರು ನಕ್ಕಾರು. ನಗಲಿ. ಛಂದಸ್ಸೂ ಅಳತೆಯ ಶಾಸ್ತ್ರವೇ ಅಲ್ಲವೆ?

ಅಳಿಯನ ಎತ್ತರ ಆರು ಅಡಿ ಎರಡು ಅಂಗುಲ. ಕೆಲವು ವರ್ಷಗಳ ಹಿಂದೆ ಹುಣಸೆಹಣ್ಣು ಬಡಿಯಲು ಮರವೇರಿದವನು ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಚಲನೆಯೂ ಸ್ಪರ್ಶಜ್ಞಾನವೂ ಹೋದವು. ತೋಳುಗಳು ಮಾತ್ರ ಗಟ್ಟಿಮುಟ್ಟಾಗಿವೆ. ಒಂದು ಶಿಬಿರದಲ್ಲಿ ಅವನಿಗೆ ಕೈಯಿಂದ ತಿರುವುವ ಮೂರುಗಾಲಿಯ ಸೈಕಲ್ಲು ದೊರೆಯಿತು. ಹಾರ ಹಾಕಿದರು, ಭಾವಚಿತ್ರ ತೆಗೆದರು, ಕೊಟ್ಟರು. ಅಳತೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಐದು ಅಡಿಯವರಿಗೂ ಆರು ಅಡಿಯವರಿಗೂ ಅದೇ ಗಾಡಿ.

ನಾವು ಚಿಗಟೇರಿಗೆ ಹೋದಾಗ ಅವನು ಅದರಲ್ಲಿ ಕುಳಿತು ಬೀದಿಗೆ ಬಂದನು. ಮೊಣಕಾಲುಗಳು ಎದೆಯ ಸಮೀಪಕ್ಕೆ ಎದ್ದಿದ್ದವು. ಕೈಪೆಡಲು ಕೆಳಕ್ಕೆ ಬಂದಾಗಲೆಲ್ಲ ಎಡ ಮೊಣಕಾಲಿಗೆ ತಾಗುತ್ತಿತ್ತು. ನೋವಾಗುವುದಿಲ್ಲವೇನಪ್ಪಾ ಎಂದೆವು. "ಬಡಿಯೋದು ಕಾಣ್ತತಿ ಮಾವ, ಗೊತ್ತಾಗಲ್ಲ" ಎಂದನು. ಎಲ್ಲ ಅಪಾಯವೂ ಆ ಮಾತಿನಲ್ಲಿಯೇ ಇತ್ತು. ಮೊಣಕಾಲಿನ ತರಚು ಕಣ್ಣಿಗೆ ಬೀಳುತ್ತದೆ. ಕುಳಿತ ಜಾಗದಲ್ಲಿ ಆಗುವ ಗಾಯ ಕಣ್ಣಿಗೂ ಬೀಳದು, ಅರಿವಿಗೂ ಬಾರದು. ಕೆಲವು ವಾರಗಳಲ್ಲಿಯೇ ಅವನಿಗೆ ಪೃಷ್ಠಭಾಗದಲ್ಲಿ ಒತ್ತುಹುಣ್ಣಾಯಿತು. ಹಾಸಿಗೆಹುಣ್ಣೆಂದು ಜನ ಕರೆಯುವುದು ಇದನ್ನೇ. ಎಲುಬಿನವರೆಗೆ ಇಳಿದು, ನಂಜೇರಿದರೆ ಪ್ರಾಣಕ್ಕೇ ಸಂಚಕಾರ. ನಾಲ್ಕು ತಿಂಗಳು ಬೋರಲು ಮಲಗಿ ಅವನು ಅದನ್ನು ಮಾಯಿಸಿಕೊಂಡನು. ತಾಯಿಯಾದ ನಮ್ಮ ತಂಗಿ ಪಟ್ಟ ಪಾಡನ್ನು ಇಲ್ಲಿ ಬರೆಯಲಾರೆವು.

ಹುಣ್ಣಿಗೂ ಎತ್ತರಕ್ಕೂ ಏನು ಸಂಬಂಧ? ಶುಶ್ರೂಷೆಗೆ ಬಂದ ಫಿಜಿಯೋಥೆರಪಿಯ ಹುಡುಗಿಯೊಬ್ಬಳು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಳು. ನಾವು ಕುಳಿತಾಗ ದೇಹದ ಭಾರವನ್ನು ಪೃಷ್ಠವೂ ತೊಡೆಗಳೂ ಹಂಚಿಕೊಂಡು ಹೊರುತ್ತವೆ. ಪಾದವಿಡುವ ಹಲಗೆ ಉದ್ದಕಾಲಿನವನಿಗೆ ತೀರ ಮೇಲಿದ್ದರೆ ಮೊಣಕಾಲು ಮೇಲೇಳುತ್ತದೆ, ತೊಡೆ ಆಸನದಿಂದ ಎದ್ದುಬಿಡುತ್ತದೆ. ಆಗ ಇಡೀ ಭಾರ ಕೂರುವ ಎರಡು ಎಲುಬುಗಳ ತುದಿಯ ಮೇಲೆ ಬೀಳುತ್ತದೆ. ಅಲ್ಲಿ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ನೋವು ತಿಳಿಯುವವರು ತಮಗರಿಯದಂತೆಯೇ ಮಗ್ಗುಲು ಬದಲಿಸುತ್ತಾರೆ. ಇಂಥವರಿಗೆ ಆ ಎಚ್ಚರವನ್ನು ದೇಹ ಕೊಡುವುದಿಲ್ಲ.

ಆದುದರಿಂದ ಎತ್ತರದವರಿಗೆ ಗಾಡಿಯನ್ನು ಆರಿಸುವಾಗ ಮೊದಲು ನೋಡಬೇಕಾದುದು ಪಾದದ ಹಲಗೆ. ಕುಳಿತಾಗ ಇಡೀ ತೊಡೆ ಆಸನದ ಮೇಲೆ ಒರಗಿರಬೇಕು, ಪಾದ ಹಲಗೆಯ ಮೇಲೆ ಸಮನಾಗಿ ಊರಿರಬೇಕು. ಹಲಗೆ ಮೇಲೆ ಕೆಳಗೆ ಸರಿಯುವಂತಿದ್ದರೆ ಉತ್ತಮ. ಆದರೆ ಇಳಿಸಿದ ಮೇಲೆ ಹಳ್ಳದಿಣ್ಣೆಗೆ ತಾಗುವಷ್ಟು ತಗ್ಗಾಗಬಾರದು. ಹಾಗಾಗುವುದಾದರೆ ಆಸನವನ್ನೇ ಸ್ವಲ್ಪ ಎತ್ತರಿಸಿಕೊಳ್ಳಬೇಕು. ಎತ್ತರಿಸಿದ ಆಸನ ತಿರುವಿನಲ್ಲಿ ವಾಲುವುದು ಹೆಚ್ಚು, ಅದನ್ನೂ ನೆನಪಿಡತಕ್ಕದ್ದು.

ಎರಡನೆಯದು ಆಸನದ ಉದ್ದ. ಬೆನ್ನನ್ನು ಹಿಂದಕ್ಕೆ ಆನಿಸಿ ಕುಳಿತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂದಿನ ಮಡಿಕೆಗೂ ಎರಡು ಬೆರಳಿನಷ್ಟು ಸಂದು ಉಳಿಯಬೇಕು. ಎತ್ತರದವರಿಗೆ ಸಾಮಾನ್ಯ ಆಸನದಲ್ಲಿ ಒಂದು ಗೇಣು ತೊಡೆ ಹೊರಗೇ ಉಳಿಯುತ್ತದೆ. ಇನ್ನು ಕೈಪೆಡಲು: ಅದು ತೀರ ಕೆಳಗೆ ಬಂದಾಗಲೂ ಮೊಣಕಾಲಿಗೆ ತಾಗಬಾರದು, ಅತಿ ದೂರಕ್ಕೆ ಹೋದಾಗ ಬೆನ್ನು ಒರಗನ್ನು ಬಿಟ್ಟೇಳಬಾರದು, ಮೊಣಕೈ ತುಸು ಬಾಗಿಯೇ ಇರಬೇಕು. ಒರಗುಪಟ್ಟಿ ಹೆಗಲಿನ ಮೂಳೆಗಿಂತ ಕೆಳಗಿದ್ದರೆ ತೋಳುಗಳು ಸಲೀಸಾಗಿ ಆಡುತ್ತವೆ. ಒಳ್ಳೆಯ ದಿಂಬು ಬೇಕೇ ಬೇಕು. ಹಳೆಯ ಕೌದಿ ಮಡಚಿ ಹಾಕಿದರೆ ಸಾಲದು.

ವಿದೇಶದಲ್ಲಿರುವ ಬಂಧುವೊಬ್ಬರು ಮೊಬೈಲಿನಲ್ಲಿ ಒಂದು ಆಟವನ್ನು ತೋರಿಸಿದರು. ನ್ಯೂಜಿಲೆಂಡಿನ ಪೀಟರ್ ಲಿನ್ ಎಂಬವರು 1990ರ ಸುಮಾರಿಗೆ ಬಳಕೆಗೆ ತಂದ ಮೂರುಗಾಲಿಯ ಪುಟ್ಟ ಗಾಡಿಯದು. ಅದರಲ್ಲಿ ಕುಳಿತು ದೊಡ್ಡ ಗಾಳಿಪಟ ಹಿಡಿದರೆ ಗಾಳಿಯೇ ಎಳೆದೊಯ್ಯುತ್ತದೆ; ಪಾದಗಳಿಂದ ಮುಂದಿನ ಗಾಲಿಯನ್ನು ತಿರುಗಿಸುತ್ತಾರೆ. ಎತ್ತರದವರು ಅದನ್ನು ಕೊಳ್ಳುವಾಗ ಆಸನದಿಂದ ಪಾದದ ಕಡ್ಡಿಯವರೆಗಿನ ಅಂತರವನ್ನು ನೋಡಿಯೇ ಆರಿಸಬೇಕಂತೆ. ಆಟದ ಬಂಡಿಗೆ ಕಾಲಿನ ಅಳತೆ ಬೇಕು, ಬದುಕಿನ ಬಂಡಿಗೆ ಬೇಡವೆ? ನಮಗೆ ನಗುವೂ ಬಂತು, ಸಿಟ್ಟೂ ಬಂತು.

ಅಳತೆ ಬೇಡುವುದು ಅಧಿಕಪ್ರಸಂಗವಲ್ಲ. ಗಾಲಿಕುರ್ಚಿಯನ್ನು ವ್ಯಕ್ತಿಗೆ ಹೊಂದಿಸಿಯೇ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆ 1981ರಷ್ಟು ಹಳೆಯದು. ಸಾಧನಗಳನ್ನು ತಯಾರಿಸುವ ಕಾನ್ಪುರದ ಅಲಿಮ್ಕೊ ಸಂಸ್ಥೆ ಹುಟ್ಟಿದ್ದು 1972ರಲ್ಲಿ. ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಇದೇ ಕೆಲಸದಲ್ಲಿದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುತ್ತಾರೆ. ಅರ್ಜಿ ಬರೆಸುವ ಮೊದಲು ಅವರನ್ನು ಮನೆಗೆ ಕರೆದು, ಅಳತೆಪಟ್ಟಿ ಕೈಗಿತ್ತು, ನಾಲ್ಕೂ ಅಳತೆಗಳನ್ನು ಅರ್ಜಿಯ ಜೊತೆಗೆ ಬರೆಸಿರಿ. ಉಚಿತವಾಗಿ ಬಂದುದನ್ನು ಬೇಡವೆನ್ನಲು ನಮ್ಮವರು ಸಂಕೋಚಪಡುವರು. ಹೊಂದದ ಗಾಡಿಯನ್ನು ಹಿಂದಿರುಗಿಸುವುದು ಕೊಟ್ಟವರಿಗೆ ಅವಮಾನವಲ್ಲ. ದಾಸೋಹದಲ್ಲಿಯೂ ಉಣ್ಣುವವನ ಹಸಿವನ್ನು ನೋಡಿಯೇ ಬಡಿಸುತ್ತಾರೆ.

ಅಳಿಯನ ಗಾಡಿಯನ್ನು ಆ ಹುಡುಗಿಯ ಅಳತೆಯಂತೆ ಹರಪನಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ತಿದ್ದಿಸಲಾಯಿತು. ಪಾದದ ಹಲಗೆಯನ್ನು ನಾಲ್ಕು ಅಂಗುಲ ಕೆಳಕ್ಕೂ ಮೂರು ಅಂಗುಲ ಮುಂದಕ್ಕೂ ಸರಿಸಿದರು, ಆಸನಕ್ಕೆ ಹಲಗೆ ಕೂಡಿಸಿದರು, ಕೈಪೆಡಲಿನ ಕಂಬವನ್ನು ಎತ್ತರಿಸಿ ಸರಪಳಿಗೆ ಕೊಂಡಿ ಸೇರಿಸಿದರು. ಮುಂದಿನ ಗಾಲಿಯ ಕವಲಿಗೆ ಮಾತ್ರ ಬೆಸುಗೆ ಹಾಕಲು ಆ ಕುಶಲಿ ಒಪ್ಪಲಿಲ್ಲ. ಅದು ಮುರಿದರೆ ಮುಖವೇ ನೆಲಕ್ಕೆ ಎಂದನು. ಅವನ ವಿವೇಕ ನಮಗೆ ಮೆಚ್ಚುಗೆಯಾಯಿತು.

ಈಗ ಅಳಿಯನು ಮೆಕ್ಕೆಜೋಳದ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಾನೆ. ಕಾಲು ಗಂಟೆಗೊಮ್ಮೆ ಎರಡೂ ಕೈಯೂರಿ ಪೃಷ್ಠವನ್ನು ಎತ್ತಿ ಇಳಿಸುತ್ತಾನೆ, ರಾತ್ರಿ ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯೇ ಎಂದು ತಾನೇ ನೋಡಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿದರೆ ಮಾತ್ರ ಯಾರಾದರೂ ಹಿಂದಿನಿಂದ ನೂಕಬೇಕು. ಬೆಳೆಯುವ ಮಕ್ಕಳಿಗೆ ಗಾಡಿ ತರುವವರು ವರ್ಷಕ್ಕೊಮ್ಮೆ ಅಳತೆಯನ್ನು ಮತ್ತೆ ತೆಗೆಯಬೇಕೆಂದು ಆ ಹುಡುಗಿ ಹೇಳಿದ್ದಾಳೆ. ಅಳತೆಯ ಚೀಟಿಯ ಪ್ರತಿಯೊಂದನ್ನು ಮನೆಯಲ್ಲಿಯೇ ಇಟ್ಟುಕೊಳ್ಳಿರಿ.