ಅನುಮಾನದ ವಾಸನೆ

ಇದೆಯೋ ಇಲ್ಲವೋ ಎಂದು ತೀರ್ಮಾನಕ್ಕೆ ಸಿಗದ ವಾಸನೆಯಷ್ಟು ಕಾಡುವುದು ಇನ್ನೊಂದಿಲ್ಲ. ಬಾಗಿಲು ತೆಗೆದ ಕ್ಷಣ ಮೂಗಿಗೆ ಬಡಿಯುತ್ತದೆ, ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತರೆ ಮಾಯ. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಡಾಲಸ್‌ನಿಂದ ನಮ್ಮ ಕ್ಯಾಂಪಿಂಗ್ ಟ್ರೈಲರನ್ನು ಎಳೆದುಕೊಂಡು ಹೋಗಿ ಪೂರ್ವ ಟೆಕ್ಸಸ್ಸಿನ ಟೈಲರ್ ಸ್ಟೇಟ್ ಪಾರ್ಕಿನ ಪೈನ್ ಮರಗಳ ಕೆಳಗೆ ನಿಲ್ಲಿಸಿದ್ದೆವು. ಬೆಳಿಗ್ಗೆ ಕೆರೆಯ ಸುತ್ತ ನಡೆದು ಬಂದ ನನ್ನ ಗಂಡ ಬಾಗಿಲು ತೆಗೆದವರೇ ಮೆಟ್ಟಿಲ ಮೇಲೆ ನಿಂತು, "ಗ್ಯಾಸ್ ವಾಸನೆ ಬರ್ತಿದೆ ಅಲ್ವಾ?" ಅಂದರು. ರಾತ್ರಿಯೆಲ್ಲ ಒಳಗೇ ಮಲಗಿದ್ದ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ನನಗೆ ಗೊತ್ತಾಗದೇ ಇದ್ದದ್ದೇ ಹೆದರಬೇಕಾದ ಸಂಗತಿ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಬಿಡುತ್ತದೆ, ಆಮೇಲೆ ಸುದ್ದಿ ಮುಟ್ಟಿಸುವುದನ್ನು ನಿಲ್ಲಿಸುತ್ತದೆ. ನೆಗಡಿಯಾದವರಿಗೆ, ವಯಸ್ಸಾದವರಿಗೆ, ಕೋವಿಡ್ ಬಂದು ಹೋದ ಮೇಲೆ ಘ್ರಾಣಶಕ್ತಿ ಪೂರ್ತಿ ಮರಳದವರಿಗೆ ಮೊದಲೇ ಅರಿವಾಗುವುದು ಕಷ್ಟ. ಹಾಗಾಗಿ ಗ್ಯಾಸಿನ ವಿಷಯದಲ್ಲಿ ಬಹುಮತ ನಡೆಯುವುದಿಲ್ಲ. ಹೊರಗಿನಿಂದ ಬಂದ ಒಬ್ಬರಿಗೆ ವಾಸನೆ ಬಂತೆಂದರೆ ಬಂದಂತೆಯೇ ಲೆಕ್ಕ. ನಾನು ಚಾದರ ಬಿಟ್ಟು ಎದ್ದು ಹೊರಗೆ ಬಂದೆ. ಲೈಟಿನ ಸ್ವಿಚ್ಚು ಹಾಕಲಿಲ್ಲ, ಉರಿಯುತ್ತಿದ್ದುದನ್ನು ಆರಿಸಲೂ ಇಲ್ಲ. ಎರಡರಲ್ಲೂ ಕಿಡಿ ಹಾರಬಹುದು. ಗಾಳಿಯಾಡಲೆಂದು ಫ್ಯಾನ್ ಹಾಕುವುದಂತೂ ಬೇಡವೇ ಬೇಡ. ಅವರು ಟ್ರೈಲರಿನ ಮೂತಿಯ ಮೇಲಿರುವ ಎರಡೂ ಸಿಲಿಂಡರುಗಳನ್ನು ಬಂದ್ ಮಾಡಿ, ಬಾಗಿಲನ್ನು ಹಾರುಹೊಡೆದು ಬಿಟ್ಟು ದೂರ ಬಂದರು. ವಾಸನೆ ಗಾಢವಾಗಿದ್ದರೆ, ಅಥವಾ ಸಿಲಿಂಡರಿನ ಹತ್ತಿರ ಹೋಗಲು ಧೈರ್ಯ ಸಾಲದಿದ್ದರೆ, ದೂರದಿಂದ 911ಕ್ಕೆ ಫೋನ್ ಮಾಡಬೇಕು. ಅದರಲ್ಲಿ ಸಂಕೋಚ ಸಲ್ಲದು.

ಇಷ್ಟೊಂದು ಯಾಕೆ ಎನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ಇಪ್ಪತ್ತು ಅಡಿ ಉದ್ದ, ಎಂಟಡಿ ಅಗಲದ ಟ್ರೈಲರಿನೊಳಗೆ ಹಿಡಿಸುವ ಗಾಳಿ ಸುಮಾರು 30,000 ಲೀಟರ್. ಗಾಳಿಯಲ್ಲಿ ಪ್ರೊಪೇನ್ ಶೇಕಡಾ 2ರ ಆಸುಪಾಸಿಗೆ ಬಂದರೆ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ದ್ರವ ಪ್ರೊಪೇನ್ ಅನಿಲವಾಗುವಾಗ 270 ಪಟ್ಟು ಹಿಗ್ಗುತ್ತದೆ. ಅಂದರೆ ಎರಡು ಲೀಟರಿಗಿಂತ ತುಸು ಹೆಚ್ಚು ದ್ರವ ಸೋರಿದರೆ ಇಡೀ ಟ್ರೈಲರಿನ ಗಾಳಿ ಹೊತ್ತಿಕೊಳ್ಳುವ ಹದಕ್ಕೆ ಬಂತು. ಸಾಮಾನ್ಯ ಸಿಲಿಂಡರಿನಲ್ಲಿ ಇರುವುದು ಹದಿನೇಳು ಹದಿನೆಂಟು ಲೀಟರ್. ಸಾಲದೆಂಬಂತೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ಕೆಳಗಿಳಿದು ನೆಲದ ಮೇಲೆ, ಕಪಾಟಿನ ತಳದಲ್ಲಿ, ಮಂಚದ ಕೆಳಗೆ ತಂಗುತ್ತದೆ. ಊರಿನಲ್ಲಿ ಅಮ್ಮ ರಾತ್ರಿ ಅಡುಗೆಮನೆ ಬಾಗಿಲು ಹಾಕುವ ಮುಂಚೆ "ರೆಗ್ಯುಲೇಟರ್ ಆಫ್ ಮಾಡಿದೀಯಾ?" ಎಂದು ತಪ್ಪದೆ ಕೇಳುತ್ತಿದ್ದಳು. ಅಲ್ಲಿನ 14.2 ಕಿಲೋ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನಿನ ಮಿಶ್ರಣ. ಅದೂ ನೆಲ ಹಿಡಿಯುವ ಅನಿಲವೇ.

ನಮ್ಮ ಟ್ರೈಲರಿನಲ್ಲಿ ನೆಲದಿಂದ ಗೇಣುದ್ದ ಮೇಲೆ ಗ್ಯಾಸ್ ಡಿಟೆಕ್ಟರ್ ಇದೆ. ಅಂದು ಅದು ತುಟಿ ಬಿಚ್ಚಿರಲಿಲ್ಲ. ಅದರಿಂದ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗ ತಲುಪುವ ಹೊತ್ತಿಗಾದರೂ ಮನುಷ್ಯನ ಮೂಗಿಗೆ ಗೊತ್ತಾಗಬೇಕು ಎಂಬ ಲೆಕ್ಕದಲ್ಲಿ ಗ್ಯಾಸಿಗೆ ವಾಸನೆ ಬೆರೆಸುತ್ತಾರೆ. ಡಿಟೆಕ್ಟರು ಕೂಗುವುದು ನಾಲ್ಕನೇ ಒಂದು ಭಾಗ ಮುಟ್ಟುವುದರೊಳಗೆ. ಚೆನ್ನಾಗಿರುವ ಮೂಗು ಯಂತ್ರಕ್ಕಿಂತ ಮೊದಲೇ ಎಚ್ಚರಿಸಬಹುದು. ಆದರೆ ಮೂಗು ಮಲಗುತ್ತದೆ, ಯಂತ್ರ ಮಲಗುವುದಿಲ್ಲ. ಈ ಡಿಟೆಕ್ಟರುಗಳು ಹೇರ್‌ಸ್ಪ್ರೇಗೂ ಕೂಗುತ್ತವೆ, ಕೆಟ್ಟ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಗಂಧಕದ ನಾತ ಬಿಟ್ಟರೂ ಕೂಗುತ್ತವೆ ಎಂದು ಬೇಸತ್ತು ಕೆಲವರು ಅದರ ವೈರನ್ನೇ ಕಿತ್ತುಹಾಕುತ್ತಾರೆ. ಕ್ಯಾಂಪ್‌ಗ್ರೌಂಡುಗಳಲ್ಲಿ ಇದನ್ನು ಜಾಣತನವೆಂಬಂತೆ ಹೇಳಿಕೊಂಡವರನ್ನು ಕಂಡಿದ್ದೇನೆ. ಮಕ್ಕಳು ಮಲಗುವ ಜಾಗದಲ್ಲಿ ಯಾರಾದರೂ ಹೀಗೆ ಮಾಡಬಹುದೇ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಕೊಳೆತ ಮೊಟ್ಟೆಯ ವಾಸನೆಯೆಲ್ಲ ಪ್ರೊಪೇನ್ ಅಲ್ಲ ಎನ್ನುವುದೂ ನಿಜ. ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮಾತ್ರ ನಾತ ಬಂದರೆ ಅದು ವಾಟರ್ ಹೀಟರಿನ ತೊಟ್ಟಿಯೊಳಗಿನ ಬ್ಯಾಕ್ಟೀರಿಯಾದ ಕೆಲಸ. ತುಕ್ಕು ತಡೆಯಲು ಹಾಕಿರುವ ಮೆಗ್ನೀಸಿಯಂ ಸರಳಿನ ಜೊತೆ ಸೇರಿ ಅದು ಗಂಧಕದ ಅನಿಲ ಮಾಡುತ್ತದೆ. ಶೌಚದ ತೊಟ್ಟಿ, ಬ್ಯಾಟರಿ ಇವೂ ಅನುಮಾನ ಹುಟ್ಟಿಸುತ್ತವೆ. ಫ್ರಿಜ್ಜು ಸೋರಿದರೆ ಬರುವುದು ಅಮೋನಿಯಾದ ಘಾಟು, ಅದರ ಜಾತಿಯೇ ಬೇರೆ. ಇನ್ನೊಂದುಂಟು: ಸಿಲಿಂಡರು ಮುಗಿಯುತ್ತ ಬಂದಾಗ ವಾಸನೆಯ ದ್ರವ್ಯ ತಳದಲ್ಲಿ ಹೆಚ್ಚಾಗಿ ಉಳಿದಿರುತ್ತದೆ, ಒಲೆ ಹಚ್ಚಿದಾಗ ಮಾಮೂಲಿಗಿಂತ ಜೋರಾಗಿ ನಾರುತ್ತದೆ. ಇವೆಲ್ಲ ಗೊತ್ತಿರಬೇಕು. ಆದರೆ ಗೊತ್ತಿರುವುದನ್ನು ಅನುಮಾನ ತಳ್ಳಿಹಾಕುವುದಕ್ಕೆ ಬಳಸಬಾರದು. "ಬ್ಯಾಟರಿ ಇರಬೇಕು ಬಿಡಿ" ಎಂದು ಹೇಳುವ ಹಕ್ಕು ಬರುವುದು ಬ್ಯಾಟರಿಯನ್ನು ನೋಡಿದ ಮೇಲೆ.

ಹಾಗೆ ನೋಡಿದರೆ ಪ್ರೊಪೇನಿಗೆ ಸ್ವಂತ ವಾಸನೆಯೇ ಇಲ್ಲ. ಅದಕ್ಕೆ ಬೆರೆಸುವುದು ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ದ್ರವ್ಯ. ಅನಿಲಕ್ಕೆ ವಾಸನೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಸೀಮೆ ಕಂಡಿದೆ. ನಾವು ಟ್ರೈಲರ್ ನಿಲ್ಲಿಸಿದ್ದ ಜಾಗದಿಂದ ಹೆಚ್ಚು ದೂರವಿಲ್ಲದ ನ್ಯೂ ಲಂಡನ್ ಎಂಬ ಊರಿನಲ್ಲಿ 1937ರ ಮಾರ್ಚ್ 18ರ ಮಧ್ಯಾಹ್ನ ಒಂದು ಶಾಲೆ ಸ್ಫೋಟಿಸಿತು. ಸುತ್ತ ಎಣ್ಣೆಬಾವಿಗಳು. ಖರ್ಚು ಉಳಿಸಲು ಶಾಲೆಯವರು ಬಾವಿಗಳಿಂದ ಹೊರಬರುತ್ತಿದ್ದ ನೈಸರ್ಗಿಕ ಅನಿಲದ ಪೈಪಿಗೆ ಸಂಪರ್ಕ ಕೊಟ್ಟುಕೊಂಡಿದ್ದರು. ಅದು ಸೋರಿ ಕಟ್ಟಡದ ಕೆಳಗಿನ ಖಾಲಿ ಜಾಗದಲ್ಲಿ ತುಂಬಿಕೊಂಡಿತ್ತು. ವಾಸನೆಯಿಲ್ಲದ ಅನಿಲ. ಕಾರ್ಖಾನೆ ಕೆಲಸ ಕಲಿಸುವ ತರಗತಿಯಲ್ಲಿ ಮರ ಉಜ್ಜುವ ವಿದ್ಯುತ್ ಯಂತ್ರದ ಸ್ವಿಚ್ಚು ಹಾಕಿದ್ದೇ ತಡ, ಕಟ್ಟಡ ಎದ್ದು ಕುಸಿಯಿತು. ಸತ್ತವರು ಸುಮಾರು ಮುನ್ನೂರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನು ಟೆಕ್ಸಸ್ಸಿನಲ್ಲಿ ಬಂದದ್ದು ಆಮೇಲೆ. ನ್ಯೂ ಲಂಡನ್ನಿನಲ್ಲಿ ಹೆದ್ದಾರಿಯ ನಡುವೆ ಎತ್ತರದ ಗ್ರಾನೈಟ್ ಸ್ಮಾರಕವಿದೆ, ಎದುರಿಗೆ ಒಂದು ಪುಟ್ಟ ಮ್ಯೂಸಿಯಂ. ಅದನ್ನು ನೋಡಿ ಬಂದವರು ಆ ಕೆಟ್ಟ ನಾತವನ್ನು ಹಗುರವಾಗಿ ಕಾಣಲಾರರು. ಮೂಗಿಗೆ ಬರುವ ಆ ಎಚ್ಚರಿಕೆಗೆ ಯಾರೋ ಬೆಲೆ ತೆತ್ತಿದ್ದಾರೆ.

ಅನುಮಾನವನ್ನು ಬಗೆಹರಿಸಿಕೊಳ್ಳಲು ಮೊದಲ ಸಾಧನ ಸೋಪಿನ ನೀರು. ಊರಿನಲ್ಲಿ ಸಿಲಿಂಡರ್ ತರುವವನು ಸೀಲು ಕಿತ್ತು, ವಾಲ್ವಿನ ಬಾಯಿಗೆ ನೀರು ಹನಿಸಿ, ಗುಳ್ಳೆ ಏಳುತ್ತದೋ ಎಂದು ನೋಡಿ ಕೊಡುತ್ತಿದ್ದ. ತತ್ವ ಅದೇ. ಅಮೋನಿಯಾ ಇರುವ ಸೋಪು ಮಾತ್ರ ಬೇಡ, ಅದು ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಟ್ರೈಲರ್ ಪೂರ್ತಿ ಗಾಳಿಯಾಡಿದ ಮೇಲೆ ಹೊರಗಿನ ಕೀಲುಗಳಿಗೆಲ್ಲ ನೊರೆ ಬಳಿದು ಸಿಲಿಂಡರಿನ ವಾಲ್ವನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿದೆವು. ರಬ್ಬರ್ ಹೋಸು, ರೆಗ್ಯುಲೇಟರು, ಚಾಸಿಯ ಕೆಳಗಿನ ಕಪ್ಪು ಕಬ್ಬಿಣದ ಪೈಪಿನ ಜೋಡಣೆ, ಎಲ್ಲಿಯೂ ಗುಳ್ಳೆ ಏಳಲಿಲ್ಲ. ಸಿಲಿಂಡರ್ ಮತ್ತೆ ಬಂದ್. ಅಲ್ಲಿಂದಾಚೆಗೆ ಕೆಲಸ ಬಲ್ಲವರದ್ದು. ಕ್ಯಾಂಪಿಗೇ ಬಂದು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು.

ಆತ ಚೀಲದಿಂದ ತೆಗೆದದ್ದು ಯು ಆಕಾರದ ಪಾರದರ್ಶಕ ಕೊಳವೆ, ಒಳಗೆ ಕೆಂಪು ಬಣ್ಣ ಬೆರೆಸಿದ ನೀರು, ಪಕ್ಕದಲ್ಲಿ ಇಂಚಿನ ಪಟ್ಟಿ. ಬೆಚ್ಚಗಿನ ದಿನ ಸಿಲಿಂಡರಿನೊಳಗಿನ ಒತ್ತಡ ಚದರ ಇಂಚಿಗೆ 100 ಪೌಂಡನ್ನೂ ಮೀರುತ್ತದೆ. ರೆಗ್ಯುಲೇಟರು ಅದನ್ನು ನೀರನ್ನು ಹನ್ನೊಂದು ಇಂಚು ಎತ್ತುವಷ್ಟಕ್ಕೆ ಇಳಿಸಿ ಒಳಗೆ ಕಳಿಸುತ್ತದೆ. ಕೊಳವೆಯ ಒಂದು ತುದಿಯನ್ನು ಒಲೆಯ ಬರ್ನರಿಗೆ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಸಿಲಿಂಡರ್ ಮುಚ್ಚಿ, ಒತ್ತಡವನ್ನು ಎಂಟು ಇಂಚಿಗೆ ಇಳಿಸಿ ಆತ ಗಡಿಯಾರ ನೋಡುತ್ತ ಕೂತರು. ಮೂರು ನಿಮಿಷ ನೀರು ಅಲ್ಲಾಡಬಾರದು. ನಾನು ಕಣ್ಣು ಕೀಲಿಸಿ ನೋಡಿದೆ. ಮೊದಲು ನಿಂತ ಹಾಗೇ ಇತ್ತು. ಆಮೇಲೆ ಕೆಂಪು ಗೆರೆ ಪಟ್ಟಿಯ ಅಂಚಿನಿಂದ ಕೂದಲೆಳೆಯಷ್ಟು ಸರಿಯಿತು, ಇನ್ನಷ್ಟು ಸರಿಯಿತು. ಹೆದರಿಕೆಯ ಜೊತೆ ಒಂದು ನಿರಾಳವೂ ಆಯಿತು. ವಾಸನೆ ಭ್ರಮೆಯಾಗಿರಲಿಲ್ಲ.

ಫ್ರಿಜ್ಜಿನ ಕವಲು ಮುಚ್ಚಿ ನೋಡಿದರು, ನೀರು ಇಳಿಯಿತು. ಹೀಟರಿನದು, ವಾಟರ್ ಹೀಟರಿನದು ಮುಚ್ಚಿದರೂ ಇಳಿಯಿತು. ಉಳಿದದ್ದು ಒಲೆ. ಸ್ಕ್ರೂ ಬಿಚ್ಚಿ ಒಲೆಯನ್ನು ಮುಂದಕ್ಕೆಳೆದು, ಹಿಂದಿನ ತಾಮ್ರದ ನಳಿಕೆ ಸೇರುವ ಹಿತ್ತಾಳೆಯ ನಟ್ಟಿಗೆ ಬ್ರಷ್ಷಿನಿಂದ ಸೋಪು ಬಳಿದರು. ಟಾರ್ಚಿನ ಬೆಳಕಿನಲ್ಲಿ ನಟ್ಟಿನ ಕೆಳಮಗ್ಗುಲಿಗೆ ರಾಗಿಕಾಳಿನಂಥ ಒಂದು ಗುಳ್ಳೆ ಎದ್ದಿತು. ಊದಿಕೊಂಡು ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಎರಡು ಸ್ಪ್ಯಾನರ್ ಹಿಡಿದು, ಒಂದರಿಂದ ಬುಡವನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ಬಿಚ್ಚಿದರು. ತಾಮ್ರದ ಅಗಲಿಸಿದ ಬಾಯಿಯಲ್ಲಿ ಸಣ್ಣ ಸೀಳು. ಬಿಗಿಯಾಗಿ ಕೂರಿಸಿದ ನಳಿಕೆಗೆ ರಸ್ತೆಯ ಕುಲುಕಾಟ ಬಿಟ್ಟರೆ ಬೇರೆ ಶತ್ರು ಬೇಕಿಲ್ಲ ಎಂದರು ಆತ. ತುದಿ ಕತ್ತರಿಸಿ, ಹೊಸದಾಗಿ ಬಾಯಿ ಅಗಲಿಸಿ, ಟೇಪು ಗೀಪು ಏನೂ ಸುತ್ತದೆ ಕೂರಿಸಿದರು. ಇಂಥ ಜೋಡಣೆಯಲ್ಲಿ ಲೋಹಕ್ಕೆ ಲೋಹವೇ ಕೂರಬೇಕು, ಟೇಪು ಹಾಕಿದರೆ ಕೆಡುತ್ತದೆ. ಮತ್ತೆ ಕೆಂಪು ನೀರಿನ ಪರೀಕ್ಷೆಯಾಯಿತು. ಈ ಸಲ ಗೆರೆ ಕದಲಲಿಲ್ಲ.

ಹೋಗುವ ಮುನ್ನ ಆತನನ್ನು ಕೇಳಿದೆ, ಪ್ರಯಾಣದಲ್ಲಿ ಫ್ರಿಜ್ಜನ್ನು ಗ್ಯಾಸಿನ ಮೇಲೆ ಓಡಿಸಬಹುದೇ ಎಂದು. ಅನೇಕರು ಓಡಿಸುತ್ತಾರೆ, ಕಾನೂನೂ ಎಲ್ಲ ಕಡೆ ಅಡ್ಡಬರುವುದಿಲ್ಲ. ಆದರೆ ಬಾಲ್ಟಿಮೋರಿನ ಸುರಂಗಗಳಲ್ಲಿ ಇಂಥ ಸಿಲಿಂಡರ್ ಹೊತ್ತ ಟ್ರೈಲರಿಗೇ ಪ್ರವೇಶವಿಲ್ಲ, ಸುತ್ತು ಹಾಕಿಕೊಂಡೇ ಹೋಗಬೇಕು. ಆತ ಹೇಳಿದ್ದು ನನ್ನ ಮನಸ್ಸಿನಲ್ಲಿದ್ದದ್ದೇ: ಮುಚ್ಚಿದ ಫ್ರಿಜ್ಜು ಕೆಲವು ಗಂಟೆ ತಣ್ಣಗೇ ಇರುತ್ತದೆ, ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಒಳಗೆ ಜ್ವಾಲೆ ಇರಬಾರದು. ನಾವು ಸಿಲಿಂಡರುಗಳನ್ನು ಬಂದ್ ಮಾಡಿಯೇ ಹೊರಡುತ್ತೇವೆ. ಬಂದ್ ಆಗಿದೆಯೇ ಎಂದು ಒಬ್ಬರು ನೋಡಿದ ಮೇಲೆ ಇನ್ನೊಬ್ಬರೂ ಹೋಗಿ ತಿರುಗಿಸಿ ನೋಡುತ್ತೇವೆ.