ಮೆಟ್ಟುಕತ್ತಿಗೆ ಒಂದಿಷ್ಟು ಜಾಗ

ಹೊಸ ಅಡುಗೆಮನೆಗೆಂದು ನಾನು ಎತ್ತಿಟ್ಟದ್ದು ಒಂದೂವರೆ ಲಕ್ಷ. ಅಂಗಡಿಯೊಂದರವರು ಕೊಟ್ಟ ಅಂದಾಜು ಎರಡೂಮುಕ್ಕಾಲು. ನೋಡಿದರೆ ಬಹುಪಾಲು ಕಪಾಟಿನ ಬಾಗಿಲುಗಳಿಗೇ! ನಮ್ಮ ಮಟ್ಟುವಿನಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಉಪ್ಪುಗಾಳಿಗೆ ತಿರುಗಣೆಗಳು ತುಕ್ಕು ಹಿಡಿಯುತ್ತವೆ, ಮಳೆಗಾಲದಲ್ಲಿ ಅಗ್ಗದ ಪ್ಲೈವುಡ್ಡು ಕರಿದ ಹಪ್ಪಳದಂತೆ ಉಬ್ಬುತ್ತದೆ. ಬಾಗಿಲೇ ಬೇಡ, ಕಡಪ ಕಲ್ಲಿನ ತೆರೆದ ಶೆಲ್ಫು ಸಾಕೆಂದೆ. ಡಬ್ಬಿಗಳೆಲ್ಲ ಕಾಣುತ್ತವೆಂದು ಮಗಳ ಆಕ್ಷೇಪ. ಕಾಣಲಿ, ಹುಡುಕುವ ಕೆಲಸ ತಪ್ಪಿತು.

ಕಟ್ಟೆಯ ಎತ್ತರಕ್ಕೆ ಮಾತ್ರ ನಾನು ಹಟ ಹಿಡಿದೆ. "ಎಲ್ಲ ಕಡೆ 34 ಇಂಚೇ ಟೀಚರೇ" ಎಂದರು ಮೇಸ್ತ್ರಿ. ನೆಟ್ಟಗೆ ನಿಂತು, ಮೊಣಕೈ ಮಡಿಸಿ, ಅಲ್ಲಿಂದ ನಾಲ್ಕು ಇಂಚು ಕೆಳಗೆ ಗುರುತು ಹಾಕಿಸಿದೆ. ನನಗೆ 32 ಬಂತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಭುಜನೋವಿಗೆ ಎಣ್ಣೆ ತಿಕ್ಕುವುದು ಉಳಿಯುತ್ತದೆ.

ಕಡಿಮೆ ಖರ್ಚಿನ ಅಡುಗೆಮನೆಯನ್ನು ಲೆಕ್ಕ ಹಾಕಿ ರೂಪಿಸಿದವರಲ್ಲಿ ಹೆಸರಾದವಳು ಆಸ್ಟ್ರಿಯಾದ ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ. 1926ರಲ್ಲಿ ಫ್ರಾಂಕ್‌ಫರ್ಟಿನ ಸಾಮಾನ್ಯರ ಮನೆಗಳಿಗಾಗಿ ಸುಮಾರು 70 ಚದರಡಿಯಲ್ಲಿ ಎಲ್ಲವೂ ಕೈಗೆಟಕುವಂತೆ ಮಾಡಿದಳು. ಕುಳಿತು ಹೆಚ್ಚಲು ಒಂದು ಸ್ಟೂಲನ್ನೂ ಮರೆಯಲಿಲ್ಲ. ಆದರೆ ಅಲ್ಲಿ ಕೆಲಸ ಮಾಡಬಹುದಾದದ್ದು ಒಬ್ಬಳೇ. ನಮ್ಮಲ್ಲಿ ಇಬ್ಬರಿದ್ದೇವೆ.

ಅತ್ತೆಗೆ ಎಂಬತ್ತು ದಾಟಿತು. ನಿಂತು ಅಡುಗೆ ಮಾಡಲಾರರು, ಸುಮ್ಮನೆ ಕೂರಲೂ ಆರರು. ಕಂಚಿನ ಬೋಗುಣಿಯಲ್ಲಿ ನೀರಿಟ್ಟುಕೊಂಡು, ಮೆಟ್ಟುಕತ್ತಿಯ ಮುಂದೆ ಕುಳಿತರೆ ಒಂದು ಬುಟ್ಟಿ ಗುಳ್ಳ ಹೆಚ್ಚಿ ಮುಗಿಸುತ್ತಾರೆ. ಹೆಚ್ಚಿದ ಹೋಳು ತಕ್ಷಣ ನೀರಿಗೆ ಬೀಳದಿದ್ದರೆ ಕಪ್ಪಾಗುತ್ತದೆ, ಅದಕ್ಕೆ ಈ ಬೋಗುಣಿ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿತು. ಅದನ್ನು ಹೆಚ್ಚುವವರಿಗೆ ಮಾತ್ರ ನಕ್ಷೆಯಲ್ಲಿ ಜಾಗವಿರಲಿಲ್ಲ. ಕಟ್ಟೆ, ಸಿಂಕು, ಫ್ರಿಜ್ಜು ಎಲ್ಲ ಇತ್ತು, ನೆಲವೆಂದರೆ ಓಡಾಡುವುದಕ್ಕೆ ಬಿಟ್ಟದ್ದು ಅಷ್ಟೆ.

ಗೋಡೆಗೆ ಸೂರಿನವರೆಗೂ ಟೈಲ್ಸ್ ಎಂದಿದ್ದನ್ನು ಕಟ್ಟೆಯ ಮೇಲೆ ಎರಡೇ ಅಡಿಗೆ ಇಳಿಸಿದೆ. ಉಳಿದ ಹಣದಲ್ಲಿ ಪೂರ್ವದ ಕಿಟಕಿಯ ಕೆಳಗೆ ನಾಲ್ಕಡಿ ಜಾಗ, ನೆಲದಿಂದ ಒಂದಡಿ ಎತ್ತರಕ್ಕೆ ಒಂದು ನಲ್ಲಿ, ಪುಟ್ಟ ಮೋರಿ, ಎದ್ದೇಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಸ್ಟೀಲಿನ ಸಲಾಕೆ.

"ಅಜ್ಜಿಯ ನಂತರ ಅಲ್ಲಿ ಫ್ರಿಜ್ಜು ಇಡಬಹುದು" ಎಂದಳು ಮಗಳು, ಮೆಲ್ಲಗೆ. ಅತ್ತೆಯ ಕಿವಿ ಚುರುಕು.

"ನಿನ್ನ ಅಮ್ಮನ ಮೊಣಕಾಲು ನೋಡಿದ್ದೀಯಾ? ನಿಲ್ಲುವುದು ಇನ್ನೆಷ್ಟು ದಿನ!" ಎಂದವರು, ಸಲಾಕೆಯನ್ನು ಇನ್ನೂ ನಾಲ್ಕು ಬೆರಳು ಕೆಳಗೆ ಹಾಕುವಂತೆ ಮೇಸ್ತ್ರಿಗೆ ತೋರಿಸಿದರು.