ಎಲ್ಲರಿಗೂ ಎಲ್ಲರ ಗುರುತಿರುವ ಊರು

ಸ್ವದೇಶಕ್ಕೆ ಹಿಂತಿರುಗಿ ವರ್ಷಗಳೇ ಉರುಳಿದರೂ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆಯ ಮನೆಯಲ್ಲಿ, ಧರ್ಮಕೇಂದ್ರದ ಹಬ್ಬದಲ್ಲಿ, ಬಸ್ ನಿಲ್ದಾಣದಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಸ್ವಾಮಿ, ಅಮೆರಿಕದಲ್ಲಿ ಆರು ವರ್ಷ ಇದ್ದಿರಲ್ಲ, ಹೇಗಿತ್ತು?" ಕೇಳುವವರ ಕಣ್ಣಲ್ಲಿ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳಿರುತ್ತವೆ. ನಾನಿದ್ದದ್ದು ಅಂಥ ಕಡೆಯಲ್ಲ ಎಂದಾಗ ಅವರ ಮುಖ ತುಸು ಬಾಡುತ್ತದೆ. ಈಚೆಗೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಆ ದೇಶದ ಚಿಕ್ಕ ನಗರವೊಂದಕ್ಕೆ ಓದಲು ಹೊರಟವನು, "ಅಂಥ ಊರಿನಲ್ಲಿ ಬದುಕುವುದರ ಒಳಿತೇನು, ಕೆಡುಕೇನು, ಎರಡನ್ನೂ ಹೇಳಿಬಿಡಿ" ಎಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಓದುಗರೊಡನೆ ಹಂಚಿಕೊಳ್ಳುತ್ತಿದ್ದೇನೆ.

2013ರಿಂದ 2019ರವರೆಗೆ ನಾನು ಸೇವೆ ಸಲ್ಲಿಸಿದ್ದು ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ಲಾ ಕ್ರಾಸ್ ಎಂಬ ನಗರದಲ್ಲಿ. ಅಮೆರಿಕನ್ನರು 'ಮಿಡ್‌ವೆಸ್ಟ್' ಎಂದು ಕರೆಯುವ ನಡುನಾಡಿನಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ಅದಿದೆ. ಬ್ಲ್ಯಾಕ್ ಮತ್ತು ಲಾ ಕ್ರಾಸ್ ಎಂಬ ಇನ್ನೆರಡು ನದಿಗಳು ಅಲ್ಲಿಯೇ ಮಿಸಿಸಿಪ್ಪಿಯನ್ನು ಸೇರುತ್ತವೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 52,680. ನಮ್ಮ ಚಿಕ್ಕಮಗಳೂರಿನ ಅರ್ಧದಷ್ಟೂ ಇಲ್ಲ. ಆದರೂ ಅಲ್ಲಿ ಎರಡು ದೊಡ್ಡ ಆಸ್ಪತ್ರೆಗಳಿವೆ, ಎರಡು ವಿಶ್ವವಿದ್ಯಾಲಯಗಳಿವೆ, ರೈಲು ನಿಲ್ದಾಣವಿದೆ, ಪುಟ್ಟ ವಿಮಾನ ನಿಲ್ದಾಣವೂ ಇದೆ. ನಮ್ಮ ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳನ್ನು ತಯಾರಿಸುವ ಟ್ರೇನ್ ಕಂಪನಿ ಹುಟ್ಟಿದ್ದು ಆ ಊರಿನಲ್ಲಿಯೇ. ವರ್ಷದಲ್ಲಿ ನಾಲ್ಕೈದು ತಿಂಗಳು ಹೆಪ್ಪುಗಟ್ಟುವ ಊರಿನವರು ಜಗತ್ತಿಗೆ ತಂಪು ಮಾರಿದರಲ್ಲ ಎಂದು ನಾನು ನಕ್ಕದ್ದುಂಟು.

ಮೊದಲು ಒಳಿತನ್ನೇ ಹೇಳುತ್ತೇನೆ. ಅಲ್ಲಿ ಯಾವುದೂ ದೂರವಲ್ಲ. ರೋಗಿಯೊಬ್ಬರ ಅಭ್ಯಂಗಕ್ಕೆ ಕರೆ ಬಂದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿರುತ್ತಿದ್ದೆ. ಊರಿನ ಪೂರ್ವಕ್ಕೆ ಗ್ರ್ಯಾಂಡ್‌ಡ್ಯಾಡ್ ಬ್ಲಫ್ ಎಂಬ ಬೆಟ್ಟವಿದೆ. ಅದರ ನೆತ್ತಿಯ ಮೇಲೆ ನಿಂತರೆ ಇಡೀ ಊರು, ನದಿ, ಆಚೆಯ ಮಿನ್ನೆಸೋಟದ ಗುಡ್ಡಗಳು ಒಂದೇ ನೋಟಕ್ಕೆ ಸಿಗುತ್ತವೆ. ಮಲೆನಾಡಿನಲ್ಲಿ ಬೆಳೆದ ನನಗೆ ಅಕ್ಟೋಬರ್ ತಿಂಗಳಲ್ಲಿ ಆ ಗುಡ್ಡಗಳು ಕೆಂಪು, ಹಳದಿ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಒಂದು ಧ್ಯಾನವಾಗಿತ್ತು. ಶುಕ್ರವಾರದ ಸಂತೆಯಲ್ಲಿ ಮೋಂಗ್ ಜನಾಂಗದ ರೈತರು ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಮಾರುತ್ತಿದ್ದರು. ವಿಯೆಟ್ನಾಂ ಯುದ್ಧದ ನಂತರ, 1975ರಿಂದ ಈಚೆಗೆ, ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಜನ ಅವರು. ನನ್ನ ಸಾರಿಗೆ ಪರಿಮಳ ಬಂದದ್ದು ಅವರ ಕೃಪೆಯಿಂದಲೇ.

ಇನ್ನೂ ಒಂದು ಸೌಭಾಗ್ಯವಿತ್ತು. ಅಲ್ಲಿನ ಫ್ರಾನ್ಸಿಸ್ಕನ್ ಧರ್ಮಭಗಿನಿಯರ ಮಠದಲ್ಲಿ 1878ರ ಆಗಸ್ಟ್ 1ರಂದು ಆರಂಭವಾದ ಪರಮಪ್ರಸಾದದ ಆರಾಧನೆ ಹಗಲಿರುಳೆನ್ನದೆ ನಡೆದುಕೊಂಡು ಬಂದಿತ್ತು. 2020ರಿಂದ ರಾತ್ರಿಯ ಹೊತ್ತನ್ನು ಕೈಬಿಟ್ಟು, ಬೆಳಗಿನಿಂದ ರಾತ್ರಿ ಹತ್ತರವರೆಗೆ ಅದನ್ನು ನಡೆಸತೊಡಗಿದರು. ನಾನಿದ್ದ ಕಾಲದಲ್ಲಿ ನಡುರಾತ್ರಿ ನಿದ್ದೆ ಬಾರದಾಗ, ಈ ಊರಿನಲ್ಲಿ ನನ್ನ ಜೊತೆ ಎಚ್ಚರವಾಗಿರುವವರು ಇಬ್ಬರಾದರೂ ಇದ್ದಾರೆ ಎಂಬ ನೆನಪೇ ಸಮಾಧಾನ ನೀಡುತ್ತಿತ್ತು.

ನಿದ್ದೆ ಬಾರದಿರಲು ಕಾರಣಗಳೂ ಇದ್ದವು. ಚಳಿಗಾಲದಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು. ಕಾರಿಲ್ಲದವನಿಗೆ ಕಾಲಿಲ್ಲದಂತೆ, ನಲವತ್ತರ ಮೇಲೆ ನಾನು ಹಿಮದ ರಸ್ತೆಯಲ್ಲಿ ಕಾರು ಓಡಿಸಲು ಕಲಿತೆ. ಮುನ್ಸೂಚನೆ ನೀಡದೆ ಯಾರ ಮನೆಯ ಬಾಗಿಲನ್ನೂ ತಟ್ಟುವಂತಿರಲಿಲ್ಲ. ನಾಲ್ಕು ಜನ ಸೇರಿ ಕನ್ನಡ ಮಾತನಾಡುವುದನ್ನು ಕೇಳಬೇಕಾದರೆ ಸುಮಾರು 450 ಕಿಲೋಮೀಟರ್ ದೂರದ ಶಿಕಾಗೊಗೆ ಹೋಗಬೇಕಿತ್ತು. ಓದು ಮುಗಿಸಿದ ಎಷ್ಟೋ ಮಕ್ಕಳು ಅಲ್ಲಿಗೋ ಮಿನಿಯಾಪೊಲಿಸ್‌ಗೋ ಹೊರಟುಬಿಡುತ್ತಿದ್ದರು. ಪೂಜೆಗೆ ಬರುವ ತಲೆಗಳು ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತಿದ್ದವು. ನಮ್ಮ ಮಲೆನಾಡಿನ ಊರುಗಳ ಕಥೆಯೂ ಇದೇ ಅಲ್ಲವೇ? ನನ್ನ ಇಂಗ್ಲಿಷ್ ಉಚ್ಚಾರಣೆ ಅರ್ಥವಾಗುವುದಿಲ್ಲವೆಂದು ಮೊದಲ ವರ್ಷ ಒಬ್ಬರು ದೂರು ಬರೆದರು. ಚಿಕ್ಕ ಊರಾದ್ದರಿಂದ ಆ ಪತ್ರದ ಸುದ್ದಿ ನನಗಿಂತ ಮೊದಲೇ ಅಂಗಡಿಯವನಿಗೆ ತಿಳಿದಿತ್ತು. ಎಲ್ಲರಿಗೂ ಎಲ್ಲರ ಗುರುತಿರುವ ಊರಿನಲ್ಲಿ ಅವಮಾನಕ್ಕೂ ಗುಟ್ಟಿಲ್ಲ.

ಈ ಆಪ್ತತೆಗೆ ಇನ್ನೂ ಕರಾಳವಾದ ಮುಖವಿತ್ತೆಂದು ತಿಳಿದದ್ದು 2016ರ ಡಿಸೆಂಬರಿನಲ್ಲಿ. ಒಂದು ಕಾಲಕ್ಕೆ ಅಮೆರಿಕದ ಅನೇಕ ಊರುಗಳಲ್ಲಿ ಕಪ್ಪು ಜನರು ಸೂರ್ಯ ಮುಳುಗುವುದರೊಳಗೆ ಊರು ಬಿಟ್ಟು ಹೋಗಬೇಕೆಂಬ ಕಟ್ಟುಪಾಡಿತ್ತು. ಎಷ್ಟೋ ಕಡೆ ಅದು ಲಿಖಿತವಲ್ಲ, ಆದರೂ ಎಲ್ಲರೂ ಬಲ್ಲದ್ದು. ತಮ್ಮ ಊರೂ ಅಂಥದ್ದಾಗಿತ್ತೆಂದು ಲಾ ಕ್ರಾಸ್‌ನ ಮೇಯರ್ ಆ ತಿಂಗಳು ಬಹಿರಂಗ ಘೋಷಣೆಯ ಮೂಲಕ ಒಪ್ಪಿಕೊಂಡರು. ನೆರೆಯವನ ಅಂಗಳದ ಹಿಮ ತೆಗೆದುಕೊಡುವ ಅದೇ ಜನರ ಹಿರಿಯರು ಪರರಿಗೆ ಬಾಗಿಲು ಮುಚ್ಚಿದ್ದರು. ನನಗೆ ಅವರತ್ತ ಬೆರಳು ತೋರಿಸಲು ಧೈರ್ಯವಾಗಲಿಲ್ಲ. ಊರಾಚೆಯ ಕೇರಿಗಳನ್ನು ನೋಡುತ್ತಲೇ ಬೆಳೆದವನು ನಾನು. ನಮ್ಮ ಸ್ಮಶಾನಗಳಲ್ಲಿಯೂ ಎಲ್ಲರ ಸಮಾಧಿಗಳು ಒಂದೇ ಸಾಲಿನಲ್ಲಿರಲಿಲ್ಲ. ಅವರು ಒಪ್ಪಿಕೊಂಡರು, ನಾವಿನ್ನೂ ತಡವರಿಸುತ್ತಿದ್ದೇವೆ.

ಆದರೆ ಆ ಊರು ನನಗೆ ಕಲಿಸಿದ ಅತಿ ದೊಡ್ಡ ಪಾಠ ಬೇರೆಯೇ. 1991ರಲ್ಲಿ ಅಲ್ಲಿನ ಆಸ್ಪತ್ರೆಗಳು ಒಂದಾಗಿ ಒಂದು ಕಾರ್ಯಕ್ಕೆ ಕೈಹಾಕಿದವು: ಮನುಷ್ಯ ತನ್ನ ಕೊನೆಯ ದಿನಗಳಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಪ್ರಜ್ಞೆಯಿರುವಾಗಲೇ ಮನೆಯವರೊಡನೆ ಮಾತನಾಡಿ ಬರೆದಿಡುವುದು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿ ತೀರಿಕೊಂಡ ವಯಸ್ಕರಲ್ಲಿ 100ಕ್ಕೆ 85 ಮಂದಿ ಹೀಗೆ ಬರೆದಿಟ್ಟಿದ್ದರು. ಇದು ದಯಾಮರಣವಲ್ಲ. ಜೀವ ತೆಗೆಯುವುದು ಬೇರೆ, ಸಾಯುತ್ತಿರುವ ದೇಹಕ್ಕೆ ಹೊರಲಾರದ ಚಿಕಿತ್ಸೆಯ ಭಾರವನ್ನು ಹೇರದಿರುವುದು ಬೇರೆ ಎಂಬುದು ಶ್ರೀಸಭೆಯ ಬೋಧನೆಯೂ ಹೌದು.

ಒಂದು ದಿನ ಪೂಜೆಯ ನಂತರ ನಿವೃತ್ತ ದಾದಿಯೊಬ್ಬರು ಕಾಫಿ ಬಟ್ಟಲು ಹಿಡಿದುಕೊಂಡೇ ಕೇಳಿದರು: "ಫಾದರ್, ನಿಮ್ಮ ತಾಯಿಗೆ ಎಂಬತ್ತು ದಾಟಿತಲ್ಲ, ಅವರಿಗೆ ಏನು ಬೇಕೆಂದು ಕೇಳಿದ್ದೀರಾ?" ನನಗೆ ಸಿಟ್ಟೇ ಬಂತು. ಬದುಕಿರುವ ತಾಯಿಯ ಸಾವನ್ನು ಕುರಿತು ಮಾತನಾಡುವುದು ನಮ್ಮಲ್ಲಿ ಅಪಶಕುನ. ನೂರಾರು ಮರಣಶಯ್ಯೆಗಳ ಬಳಿ ನಿಂತ ಗುರು ನಾನು. ಆದರೆ ಹೆತ್ತವಳನ್ನು ಅದೊಂದು ಮಾತು ಕೇಳುವ ಎದೆ ನನಗಿರಲಿಲ್ಲ. ವಾರಗಟ್ಟಲೆ ಮುಂದೂಡಿ, ಕೊನೆಗೊಂದು ರಾತ್ರಿ ಫೋನಿನಲ್ಲಿ ಕೇಳಿದೆ. ಅವ್ವ ಅದಕ್ಕಾಗಿಯೇ ಕಾದಿದ್ದವರಂತೆ ಹೇಳಿದರು: "ಮೂಗಿಗೆ ಬಾಯಿಗೆ ಪೈಪು ತುರುಕಿ ಮಲಗಿಸ್ಬ್ಯಾಡ್ರಪ್ಪ. ನಿಮ್ಮಪ್ಪನ ಪಕ್ಕದಲ್ಲೇ ಮಣ್ಣು ಮಾಡಿ. ನಿಂಗೆ ಬರೋಕಾಗ್ದಿದ್ರೆ ಅಲ್ಲೇ ಒಂದು ಪೂಜೆ ಮಾಡು ಮಗ. ದೇವ್ರಿಗೆ ಅಮೆರಿಕ ದೂರ ಅಲ್ಲ." ತಮ್ಮನನ್ನೂ ಕೂರಿಸಿಕೊಂಡು ಅದನ್ನೇ ಮತ್ತೆ ಹೇಳಿದರಂತೆ.

2019ರ ಜನವರಿ 29ರ ರಾತ್ರಿ ತಮ್ಮನ ಫೋನು ಬಂತು. ಅವ್ವ ಮನೆಯಲ್ಲಿಯೇ, ತಮ್ಮ ಮಂಚದ ಮೇಲೆ, ಯಾವ ಪೈಪೂ ಇಲ್ಲದೆ ಕಣ್ಣು ಮುಚ್ಚಿದ್ದರು. ಆ ವಾರ ಇಡೀ ಮಿಡ್‌ವೆಸ್ಟ್ ಧ್ರುವಪ್ರದೇಶದ ಚಳಿಗೆ ಸಿಲುಕಿತ್ತು. ಲಾ ಕ್ರಾಸ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯಿತು. ಅಂಚೆ ಬಟವಾಡೆಯೂ ನಿಂತಿತ್ತು. ಶಿಕಾಗೊದಿಂದ ಹೊರಡಬೇಕಿದ್ದ ವಿಮಾನಗಳು ನೂರಾರು ಸಂಖ್ಯೆಯಲ್ಲಿ ರದ್ದಾಗಿದ್ದವು, ನನ್ನದೂ ಅವುಗಳಲ್ಲೊಂದು. ಅವ್ವನ ಮಣ್ಣಿಗೆ ನಾನು ಹೋಗಲಾಗಲಿಲ್ಲ. ಫೋನಿನ ಪುಟ್ಟ ಪರದೆಯಲ್ಲಿ ನಮ್ಮೂರಿನ ಜನ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುವುದನ್ನು ನೋಡಿದೆ.

31ರ ಸಂಜೆ ಅವ್ವನಿಗಾಗಿ ಪೂಜೆ ಅರ್ಪಿಸಲು ನಿರ್ಧರಿಸಿದೆ. ಯಾರಿಗೂ ಬರಬೇಕೆಂದು ಹೇಳಲಿಲ್ಲ. ಅಂಥ ಚಳಿಯಲ್ಲಿ ಮುದುಕರನ್ನು ಕರೆಯುವುದು ಪಾಪವೆನಿಸಿತು. ಬಾಗಿಲು ತೆರೆದಾಗ ಗುರುಮನೆಯಿಂದ ಚರ್ಚಿನವರೆಗೆ ಹಿಮ ತೆಗೆದು ಉಪ್ಪು ಚೆಲ್ಲಿದ್ದ ದಾರಿ ಕಂಡಿತು. ಆ ಕೆಲಸ ಮಾಡಿದ್ದು ಎದುರು ಮನೆಯ ವೃದ್ಧರು. ಆರು ವರ್ಷದಲ್ಲಿ ನನ್ನೊಡನೆ ಹವಾಮಾನದ ಹೊರತು ಬೇರೇನನ್ನೂ ಮಾತನಾಡದಿದ್ದವರು. ಒಳಗೆ ಮೂವತ್ತಕ್ಕೂ ಹೆಚ್ಚು ಮಂದಿ ದಪ್ಪ ಕೋಟು ತೊಟ್ಟು ಮೌನವಾಗಿ ಕುಳಿತಿದ್ದರು. ನನ್ನ ಉಚ್ಚಾರಣೆಯ ಬಗ್ಗೆ ದೂರು ಬರೆದಿದ್ದವರೂ ಅಲ್ಲಿದ್ದರು. ಸುದ್ದಿ ಹೇಗೆ ಹರಡಿತೆಂದು ನಾನು ಕೇಳಲಿಲ್ಲ. ಕೊನೆಯ ಪ್ರಾರ್ಥನೆಯನ್ನು ಕನ್ನಡದಲ್ಲಿ ಹೇಳಿದೆ. ಒಂದು ಪದವೂ ಅರ್ಥವಾಗದಿದ್ದರೂ ಅವರೆಲ್ಲರೂ "ಆಮೆನ್" ಎಂದರು.

ಆದ್ದರಿಂದ ಆ ಯುವಕನಿಗೆ ನಾನು ಒಳಿತು ಕೆಡುಕುಗಳ ಎರಡು ಪಟ್ಟಿಗಳನ್ನು ಕೊಡಲಿಲ್ಲ. ಚಿಕ್ಕ ಊರಿನಲ್ಲಿ ಅವು ಬೇರೆ ಬೇರೆಯಲ್ಲ. ನನ್ನ ಅವಮಾನವನ್ನು ಅಂಗಡಿಗೆ ಮುಟ್ಟಿಸಿದ ಬಾಯಿಗಳೇ ನನ್ನ ದುಃಖವನ್ನೂ ಮನೆಮನೆಗೆ ಮುಟ್ಟಿಸಿದವು. "ಮೊದಲ ಚಳಿಗಾಲಕ್ಕೆ ಹೆದರಿ ಊರು ಬಿಡಬೇಡ, ಮೂರನೆಯದರವರೆಗೆ ಕಾದು ನೋಡು. ಎದುರು ಮನೆಯವರ ಅಂಗಳದ ಹಿಮವನ್ನು ಕೇಳದೆಯೇ ತೆಗೆದುಕೊಡು" ಎಂದೆ.

ಇನ್ನೊಂದು ಮಾತನ್ನೂ ಸೇರಿಸಿದೆ. ಅದು ಓದುಗರಿಗೂ ಸಲ್ಲುತ್ತದೆ. ಕೊನೆಗಾಲದ ಇಚ್ಛೆಯನ್ನು ಬರೆದಿಡಲು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಮನ್ನಣೆ ನೀಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದೆ. ಆದರೆ ಕಾಗದಕ್ಕಿಂತ ಮೊದಲು ಬೇಕಾದದ್ದು ಮಾತು. "ವಿಮಾನ ಹತ್ತುವ ಮೊದಲು ನಿನ್ನ ಅಪ್ಪ ಅಮ್ಮನ ಪಕ್ಕದಲ್ಲಿ ಕುಳಿತು, ಅವರಿಗೆ ಏನು ಬೇಕೆಂದು ಕೇಳಿ ಹೋಗು" ಎಂದೆ. ಅವನು ತಲೆ ತಗ್ಗಿಸಿದ. ಅವನಿಗೂ ಸಿಟ್ಟು ಬಂದಿತ್ತೇನೋ. ನನಗೂ ಬಂದಿತ್ತಲ್ಲ.